ಪುಸ್ತಕ ಮುಚ್ಚಿ ಹೇಳಿದ ಪಾಠ

ಆಸ್ಪತ್ರೆ, ಬಟ್ಟೆ ಮಡಿಸುವ ಕೋಣೆ
ಮಾರ್ಚ್ 11, ಬುಧವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ಊದುತ್ತಿದೆ ಎಂದಿದ್ದೆಯಲ್ಲ, ಇಳಿಯಿತೇ? ಸಂಜೆ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರು. ನಿಮ್ಮಪ್ಪ ಚೆನ್ನಾಗಿದ್ದಾರೆ. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ನಾಳೆ ಹತ್ತು ಗಂಟೆಗೆ ಪರೀಕ್ಷೆ. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು, ಹಾಲ್‌ಟಿಕೆಟ್ ಚೀಲದಲ್ಲಿದೆಯೇ ಎಂದು ನೋಡಿ ಬಂದೆ.

ನಲವತ್ತೆರಡನೇ ವಯಸ್ಸಿನಲ್ಲಿ ವಾರ್ಡಿನ ಆಯಾ ಡಿಗ್ರಿಗೆ ಸೇರಿದಳೆಂದು ನೀನು ಫೋನಿನಲ್ಲಿ ನಕ್ಕಿದ್ದೆ. ನಗು, ಪರವಾಗಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ನನಗೆ ಬಂದದ್ದು ಐವತ್ತಕ್ಕೆ ಹನ್ನೊಂದು. ಮೂರು ನೋಟ್‌ಬುಕ್ ತುಂಬ ಪಾಠಗಳನ್ನು ಅಕ್ಷರ ಬಿಡದೆ ಇಳಿಸಿದ್ದೆ, ಬೆರಳು ದಡ್ಡುಗಟ್ಟುವವರೆಗೆ. ಪ್ರಶ್ನೆಪತ್ರಿಕೆ ಕಂಡೊಡನೆ ತಲೆಯೆಲ್ಲ ಖಾಲಿ. ಮನಶ್ಶಾಸ್ತ್ರದ ಮೇಡಂ, ನನಗಿಂತ ಹತ್ತು ವರ್ಷ ಚಿಕ್ಕವರು, ನೋಟ್‌ಬುಕ್ ತಿರುವಿ ನೋಡಿ, "ಅಕ್ಷರ ಮುದ್ದಾಗಿದೆ. ಈಗ ಇದನ್ನ ಮುಚ್ಚಿ ನಂಗೆ ಹೇಳಿ" ಎಂದರು. ಮೊದಲ ವಾಕ್ಯವೇ ಅರ್ಧಕ್ಕೆ ತಪ್ಪಿತು. ನಾಚಿಕೆಯಿಂದ ಹಿಡಿಯಷ್ಟಾದೆ.

ಆಮೇಲೆ ನಾನು ಪಾಠ ಹೇಳಿದರೆ ಕೂತು ಕೇಳುವವರನ್ನು ಹುಡುಕಿದೆ. ನಿಮ್ಮಪ್ಪ ಎರಡೇ ನಿಮಿಷಕ್ಕೆ ಗೊರಕೆ. ಕೊನೆಗೆ ಸಿಕ್ಕಿದವಳು ನನ್ನ ಜೊತೆ ಹೊದಿಕೆ ಮಡಿಸುವ ದೊಡ್ಡಕ್ಕ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹೊದಿಕೆಯ ಆ ತುದಿ ಅವಳ ಕೈಯಲ್ಲಿ, ಈ ತುದಿ ನನ್ನ ಕೈಯಲ್ಲಿ. ಮನುಷ್ಯ ಏಕೆ ಮರೆಯುತ್ತಾನೆ ಎಂಬ ಪಾಠ ಶುರು ಮಾಡಿದೆ. ಅವಳು ನಡುವೆ ಕೈ ನಿಲ್ಲಿಸಿ, "ಹಂಗಾದ್ರೆ ಬೇಡದ್ದೇ ಯಾಕೆ ನೆನಪಲ್ಲಿ ಉಳಿಯತ್ತೆ?" ಎಂದಳು. ಆ ಒಂದು ಉತ್ತರಕ್ಕಾಗಿ ಸಂಜೆ ಪುಸ್ತಕ ತೆರೆದವಳು ಹಸಿದವಳಂತೆ ಓದಿದೆ. ಅಂದಿನಿಂದ ದಿನಕ್ಕೊಂದು ಪಾಠ, ಮೂರು ದಿನ ಬಿಟ್ಟು ಅದನ್ನೇ ಮತ್ತೊಮ್ಮೆ, ನೋಡದೆ. ಎರಡನೇ ಕಿರುಪರೀಕ್ಷೆಯಲ್ಲಿ ಮೂವತ್ತಾರು. ದೊಡ್ಡಕ್ಕ ವಾರ್ಡಿಗೆಲ್ಲ "ನಮ್ಗೆ ಮೂವತ್ತಾರು ಬಂತು" ಎಂದು ಸಾರಿಕೊಂಡು ಬಂದಳು.

ಇನ್ನೂ ಒಂದು ಪಾಠ ಬಾಕಿ ಇದೆ, ಅವಳು ಕರೆಯುತ್ತಿದ್ದಾಳೆ. ಹೊತ್ತುಹೊತ್ತಿಗೆ ಊಟ ಮಾಡು. ನಿನಗೆ ಒಳ್ಳೆಯದಾಗಲಿ ಕಂದಾ.

ನಿನ್ನ
ಅಮ್ಮ

ತಾ.ಕ.: ಸುತ್ತಿ ಬಳಸಿ ಏನೇನೋ ಬರೆದೆ, ಹೇಳಬೇಕಾದ್ದು ಇದು. ನೀನು ಫೇಲಾದ ವರ್ಷ ದಿನಕ್ಕೆ ಎಂಟು ಗಂಟೆ ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿದವಳು ನಾನು. "ಕೂತ್ರೆ ತಾನೇ ತಲೆಗೆ ಹತ್ತೋದು" ಎಂದೆ. ಹತ್ತದಿದ್ದಾಗ ದಡ್ಡಿ ಎಂದೆ. ನೀನು ದಡ್ಡಿಯಲ್ಲ. ಹೇಗೆ ಓದಬೇಕೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ತಪ್ಪಾಯಿತು ಮಗಳೇ. ನೀನು ಓದು ಬಿಟ್ಟ ತರಗತಿಗೇ ಮತ್ತೆ ಸೇರುವ ಅರ್ಜಿಯನ್ನು ಲಕೋಟೆಯಲ್ಲಿಟ್ಟಿದ್ದೇನೆ, ಕೊನೆಯ ದಿನ ಇದೇ ಇಪ್ಪತ್ತು. ಒತ್ತಾಯವಿಲ್ಲ. ಹರಿದು ಹಾಕಿದರೂ ಯಾಕೆ ಎಂದು ಕೇಳುವುದಿಲ್ಲ. ಆ ಚಿಲಕವನ್ನು ಮಾತ್ರ ನಿನ್ನೆ ಬಡಗಿಯನ್ನು ಕರೆಸಿ ಕೀಳಿಸಿದೆ.