ಮರಳು ಕೊನೆಯ ಸಲ ಬಿಸಿಲು ಕಂಡದ್ದು

ದೋಣಿ ಹೊಳೆಯ ದಂಡೆ
2748ರ ಮಾಘ

ನಿಮಗಿಂತ ಏಳುನೂರು ವರ್ಷ ಈಚೆಗೆ ಕುಳಿತು ಬರೆಯುತ್ತಿದ್ದೇನೆ. ನನ್ನ ಕನ್ನಡ ನಿಮ್ಮ ಕಿವಿಗೆ ಸೊಟ್ಟಗೆ ಕೇಳಿಸಿದರೆ ಮನ್ನಿಸಿ. ನಿಮ್ಮದೂ ನನಗೆ ಹಾಗೆಯೇ ಕೇಳಿಸುತ್ತದೆ. ಹೆಸರು ನಿಂಬೆವ್ವ. ಕೆಲಸ ಬೆಳಕೆಣಿಕೆ. ಮಣ್ಣಡಿ ಹೂತುಹೋದ ಮರಳಿನ ಕಣ, ಬಿಸಿಲು ತಪ್ಪಿದ ದಿನದಿಂದ ಸುತ್ತಲಿನ ಮಣ್ಣಿನ ಸಣ್ಣ ವಿಕಿರಣವನ್ನು ಒಳಗೆ ಕೂಡಿಟ್ಟುಕೊಳ್ಳುತ್ತ ಹೋಗುತ್ತದೆ. ಕತ್ತಲಕೋಣೆಯಲ್ಲಿ ಅದಕ್ಕೆ ಬೆಳಕು ತಾಗಿಸಿದರೆ ಕೂಡಿಟ್ಟದ್ದನ್ನು ಮಿನುಗಿ ಬಿಟ್ಟುಕೊಡುತ್ತದೆ. ಆ ಮಿನುಗನ್ನು ಅಳೆದು, ಕಣ ಎಷ್ಟು ವರ್ಷದಿಂದ ಬಿಸಿಲು ಕಂಡಿಲ್ಲ ಎಂದು ಹೇಳುವುದೇ ಬೆಳಕೆಣಿಕೆ. ನಡುವೆ ಬಿಸಿಲು ತಾಗಿತೋ, ಎಲ್ಲ ಅಳಿಸಿಹೋಗುತ್ತದೆ. ಅದಕ್ಕೇ ಉಕ್ಕಿನ ಕೊಳವೆಯನ್ನು ದಂಡೆಗೆ ಬಡಿದು, ಬಾಯಿ ಮುಚ್ಚಿ ತರುತ್ತೇವೆ.

ಕಳೆದ ವರ್ಷ ನಮ್ಮ ಅರವತ್ತು ಮನೆಯವರು ಈ ದಂಡೆಯಲ್ಲಿ ಊರು ಕಟ್ಟಲು ಹೊರಟರು. ಪಾಯ ತೋಡಿದಾಗ ಎದೆಮಟ್ಟದ ಆಳದಲ್ಲಿ ಕಪ್ಪು ಎರೆಮಣ್ಣು ಸಿಕ್ಕಿತು, ಅದರ ಮೇಲೆ ಹೊಳೆಮರಳು. ಹೊಳೆ ಇಲ್ಲಿಗೆ ಯಾವಾಗ ಬಂದಿತ್ತು ಎಂದು ಹೇಳುವ ಹೊಣೆ ನನ್ನದಾಯಿತು. ಚಿಟಿಕೆ ಮರಳನ್ನು ಒಟ್ಟಿಗೆ ಅಳೆದೆ: ಹನ್ನೆರಡು ಸಾವಿರ ವರ್ಷ. ಊರ ಹಿರಿಯ ಕಲ್ಮೇಶಪ್ಪ ನಕ್ಕುಬಿಟ್ಟರು.

“ಹನ್ನೆರಡು ಸಾವಿರ ವರ್ಷಕ್ಕೊಮ್ಮಿ ಬರೂ ಹೊಳಿಗೆ ಯಾಕ ಅಂಜೂದವ್ವಾ?” ಎಂದು ತಮ್ಮ ಮನೆಯ ಮೊದಲ ಕಲ್ಲು ಇಟ್ಟೇಬಿಟ್ಟರು.

ನನಗೆ ಕೆಲಸ ಕಲಿಸಿದ ಗುರುಬಾಯಕ್ಕ ಗುಂಡಿಗೆ ಇಳಿದು, ಎರೆಮಣ್ಣಿನ ಮೈ ಸವರಿ ಕೇಳಿದರು: “ನಿಂಬೆವ್ವ, ಇವು ರಂಟಿ ಹೊಡದ ಸಾಲ ಅಲ್ಲೇನ? ಅಷ್ಟ ಹಿಂದ ಇಲ್ಲಿ ಬಿತ್ತವರು ಯಾರಿದ್ದರು?”

ನೇಗಿಲ ಸಾಲುಗಳೇ ಅವು; ನನ್ನ ಎಣಿಕೆ ತಪ್ಪಿತ್ತು. ರಾಡಿ ನೀರಲ್ಲಿ ಬಂದ ಮರಳಿಗೆ ದಾರಿಯಲ್ಲಿ ಬಿಸಿಲು ಸರಿಯಾಗಿ ತಾಗಿರಲಿಲ್ಲ. ಹಳೆಯ ವಯಸ್ಸನ್ನು ಹೊತ್ತೇ ಬಂದಿತ್ತು. ಈ ಸಲ ಒಂದೊಂದೇ ಕಣ ಅಳೆದೆ, ಹನ್ನೊಂದು ದಿನ. ಹೆಚ್ಚಿನವು ಮುದಿಕಣಗಳೇ. ಆದರೆ ಬಿಸಿಲನ್ನು ಚೆನ್ನಾಗಿ ಉಂಡಿದ್ದ ಕೆಲವು ಮಾತ್ರ ಒಂದೇ ಮಾತು ಹೇಳಿದವು: ಏಳುನೂರು ವರ್ಷ, ನಲವತ್ತು ಹೆಚ್ಚುಕಡಿಮೆ. ಮುಳುಗಿದ್ದು ನಿಮ್ಮ ಹೊಲ, ಇಲ್ಲವೆ ನಿಮ್ಮ ಮಕ್ಕಳದು.

ಊರ ಮುಂದೆ ನಿಂತು ತಪ್ಪು ಒಪ್ಪಿಕೊಂಡೆ. ಕಲ್ಮೇಶಪ್ಪ, “ಕಲ್ಲು ಕಿತ್ತರ ಮತ್ತ ಇಡಬಹುದು ಬಿಡವ್ವಾ,” ಎಂದು ತಾವೇ ಹಾರೆ ತಂದರು. ಈಗ ನಾವು ದಿನ್ನೆಯ ಮೇಲಿದ್ದೇವೆ. ಕೊಡ ಹೊತ್ತು ಏರುವಾಗ ಹೆಂಗಸರು ನನ್ನನ್ನು ಬೈಯುವುದು ಇನ್ನೂ ನಿಂತಿಲ್ಲ.

ನನಗೆ ಮಾತ್ರ ತಲೆಯಲ್ಲಿ ಒಂದೇ ಸಮ ಹುಳ ಕೊರೆಯುತ್ತದೆ. ಹೊಳೆ ಬಂದದ್ದು ಯಾವ ತಿಂಗಳು? ಜೋಳ ಮೊಳೆತಿತ್ತೋ? ಎಲ್ಲರೂ ಪಾರಾದರೋ? ಮರಳು ಅಷ್ಟನ್ನು ಹೇಳುವುದಿಲ್ಲ. ಆದ್ದರಿಂದ ಕೇಳಿಕೊಳ್ಳುತ್ತೇನೆ: ನೀರು ಇಳಿದ ಮೇಲೆ, ಅದು ನಿಂತಿದ್ದ ಎತ್ತರದಲ್ಲಿ ಒಂದು ಗಟ್ಟಿ ಕಲ್ಲಿನ ಮೇಲೆ ವರ್ಷ ಕೆತ್ತಿ. ಬದುಕಿ ಉಳಿದವರ ಹೆಸರನ್ನೂ ಕೆತ್ತಿ. ಓದಲು ನಾವಿದ್ದೇವೆ.

ನಿಂಬೆವ್ವ