‘ಕಸ’ ಎಂಬ ಫೋಲ್ಡರು

ನನ್ನ ಉಸ್ತಾದರಾದ ದಸ್ತಗೀರ ಮಾಮಾ,

ಸಿಂದಗಿಯ ನಮ್ಮ ಸ್ಟುಡಿಯೋದಲ್ಲಿ ಈಗ ಮಧ್ಯಾಹ್ನ. ಹೊಸ ಕಂಪ್ಯೂಟರ್ ಬಂದಿದೆ. ನಿಮ್ಮ ಹಳೆಯದರಿಂದ ಮದುವೆಗಳೆಲ್ಲ ಅದಕ್ಕೆ ಹೋಗುತ್ತಿವೆ, ಅದೂ ಎರಡನೆಯ ಸಲ. ಯಾಕೆಂದು ಹೇಳುತ್ತೇನೆ, ಬೈಯಬೇಡಿ. ಪರದೆಯ ಮೇಲೆ ನೀಲಿ ಗೆರೆ ತೆವಳುತ್ತಿದ್ದರೆ ಜೋಂಪು ಹತ್ತುತ್ತದೆ. ಇಂಡಿ ಊರಿನ ವಧು, ಮುದ್ದೇಬಿಹಾಳದ ವರ, ಯಾರದೋ ಊಟದ ಪಂಕ್ತಿ, ಎಲ್ಲರೂ ಕಣ್ಣೆದುರು ಹಾದು ಹೋಗುತ್ತಾರೆ. ನೀವು ಮಾತ್ರ ಇಲ್ಲ. ಸದಾ ಕ್ಯಾಮೆರಾದ ಹಿಂದೆ ನಿಂತವರು ಎದುರಿಗೆ ಹೇಗೆ ಬಂದೀರಿ?

ಮೊದಲ ವರ್ಷ ನಾನು ಮಾಡಿದ ಘನಕಾರ್ಯ ನೆನಪಿದೆಯೇ? ಪ್ರಾಜೆಕ್ಟ್ ಫೈಲನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡು ಬಸವನ ಬಾಗೇವಾಡಿಯ ಬಸ್ಸು ಹತ್ತಿದ್ದೆ. ಅಲ್ಲಿ ನಿಮ್ಮ ಗೆಳೆಯರ ಸ್ಟುಡಿಯೋದಲ್ಲಿ ತೆರೆದರೆ ಪರದೆ ತುಂಬ ಕೆಂಪು, ಒಂದೂ ಕ್ಲಿಪ್ ಇಲ್ಲ. ಅಳುತ್ತಾ ಫೋನ್ ಮಾಡಿದೆ. ನೀವು ನಕ್ಕಿರಿ.

“ಲಗ್ನಪತ್ರಿಕಿ ತಗೊಂಡು ಹೋಗಿ, ಲಗ್ನದ ಮಂದೀನ ಇಲ್ಲೇ ಬಿಟ್ಟೀಯಲ್ಲವ್ವ! ಫೈಲಿನ್ಯಾಗ ಯಾರು ಎಲ್ಲಿ ಕೂಡಬೇಕಂತ ಬರದಿರತೈತಿ, ಅಷ್ಟ. ಮಂದಿ ಫೋಲ್ಡರಿನ್ಯಾಗ ಇರ್ತಾರ.”

ಅಂದಿನಿಂದ ಒಂದು ಮದುವೆಗೆ ಒಂದೇ ಫೋಲ್ಡರು. ಸಾಗಿಸುವಾಗ ಇಡಿಯಾಗಿ ಸಾಗಿಸಬೇಕು, ಹೆಸರು ಬದಲಿಸಬಾರದು. ಎಡಿಟಿಗೆ ಬೇಡವಾದ ಕ್ಲಿಪ್ಪುಗಳಿಗೆ ಒಳಗೇ ‘ಕಸ’ ಎಂಬ ಇನ್ನೊಂದು. “ಕಸಾನೂ ಕರಕೊಂಡ ಹೋಗು” ಎನ್ನುತ್ತಿದ್ದಿರಿ. ಕಸವನ್ನು ಯಾರಾದರೂ ಕರೆದುಕೊಂಡು ಹೋಗುತ್ತಾರೆಯೇ ಎಂದು ನಾನು ನಗುತ್ತಿದ್ದೆ.

ಆಲಮಟ್ಟಿಯ ಕಾಲುವೆ ದಂಡೆಯ ಆ ಮದುವೆಯಲ್ಲಂತೂ ನನಗೆ ನಾಚಿಕೆಯೋ ನಾಚಿಕೆ. ಎಲ್ಲ ಮದುವೆಯಲ್ಲೂ ಮಾಡುವಂತೆ ಅಲ್ಲೂ ಕೈಯೆತ್ತಿ ಕೂಗಿದಿರಿ: “ಹತ್ತು ಎಣಸೂತನಕ ಎಲ್ಲಾರೂ ಸುಮ್ಮನಿರ್ರಿ!” ಮಾತು ಕತ್ತರಿಸಿದ ಕಡೆ ತುಂಬಲು ಆ ಜಾಗದ ಬರಿ ಸಪ್ಪಳ ಬೇಕಲ್ಲ, ಅದಕ್ಕೆ. ಬೀಗರು, ಬ್ಯಾಂಡಿನವರು, ಭಟ್ಟರು, ಎಲ್ಲರೂ ಗಪ್ಪು. ಹತ್ತಾದ ಮೇಲೆ, “ಆತ್ರಿ, ಇನ್ನ ಮಾತಾಡ್ರಿ.” ನಾನು ಆ ಕ್ಲಿಪ್ಪನ್ನೂ ಕಸಕ್ಕೆ ಎಸೆದೆ.

ಹೊಸ ಕಂಪ್ಯೂಟರಿನಲ್ಲಿ ಜಾಗ ಕಡಿಮೆ, ಮಾಮಾ. ಯಾವ ಕ್ಲಿಪ್ಪು ಬೇಕೆಂದು ಅದು ಕೇಳಿದಾಗ ‘ಬಳಸಿದವು ಮಾತ್ರ’ ಎಂದು ಒತ್ತಿಬಿಟ್ಟೆ. ತೆರೆದು ನೋಡಿದರೆ ಎಲ್ಲೂ ಕೆಂಪಿಲ್ಲ. ನಿಮಗಿಂತ ಶಾಣ್ಯಾ ಆದೆ ಅಂದುಕೊಂಡೆ. ಹಳೆಯದರಲ್ಲಿದ್ದದ್ದನ್ನೆಲ್ಲ ಅಳಿಸಿ ಮಾರಲು ಗಿರಾಕಿಯನ್ನೂ ಗೊತ್ತು ಮಾಡಿದೆ.

ಮಾಮಿಯನ್ನು ಕಂಡು ಬರಲು ಹೋದದ್ದು ಗಿರಾಕಿ ಬರುವ ದಿನವೇ. ಇದ್ದತ್ತಿನಲ್ಲಿದ್ದಾರಲ್ಲ, ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಎಲ್ಲೂ ಹೋಗುವಂತಿಲ್ಲ. ನೀವು ಹೋದಾಗಿನಿಂದ ಮಾತೂ ಬಿಟ್ಟಿದ್ದರು, ಕೇಳಿದ್ದಕ್ಕೆ ಬರಿ ‘ಹೂಂ’. ಅವತ್ತು ನನ್ನ ಕೈ ಹಿಡಿದು, “ಶೈಲಾ, ಊರ ಮಂದಿ ಲಗ್ನ ಎಲ್ಲಾ ತುಂಬಿಟ್ಟೀರಿ. ನಮ್ಮವರ ದನಿ ಎಲ್ಲೆರ ಐತೇನ?” ಎಂದರು.

ಇಲ್ಲ ಎನ್ನಲು ಬಾಯಿ ತೆರೆದವಳಿಗೆ ಆ ಕಸ ನೆನಪಾಯಿತು. ಅಲ್ಲಿಂದಲೇ ಸ್ಟುಡಿಯೋಗೆ ಓಡಿದೆ. ಗಿರಾಕಿ ಆಗಲೇ ಬಂದು ಕೇಬಲ್ಲು ಸುತ್ತುತ್ತ ಕೂತಿದ್ದ. “ಇದನ್ನ ಕೊಡಂಗಿಲ್ರಿ” ಎಂದೆ. “ಮತ್ತ ಕರದದ್ದ್ಯಾಕ?” ಎಂದು ಸಿಟ್ಟಾಗಿ ಹೋದ. ಅಳಿಸುವ ಕೆಲಸ ಇನ್ನೂ ಮಾಡಿರಲಿಲ್ಲ. ನನ್ನ ಸೋಮಾರಿತನಕ್ಕೆ ಅವತ್ತು ನಾನೇ ಕೈಮುಗಿದೆ.

ನಿನ್ನೆ ಲ್ಯಾಪ್‌ಟಾಪ್ ಹಿಡಿದು ಮಾಮಿಯ ಬಳಿ ಹೋದೆ. ಆಲಮಟ್ಟಿಯ ಆ ಕ್ಲಿಪ್ಪು ಹಚ್ಚಿದೆ. ನೀವು ಕೂಗಿದಿರಿ, ಎಲ್ಲ ಸುಮ್ಮನಾಯಿತು. ಕಾಲುವೆಯ ನೀರು, ಚಪ್ಪರದ ಗಾಳಿ, ಯಾರದೋ ಬಳೆ, ತೀರ ಹತ್ತಿರ ನಿಮ್ಮ ಉಸಿರು. ಮಾಮಿ ಕಣ್ಣು ಮುಚ್ಚಿದ್ದರು. ನಾನು ಮನಸ್ಸಿನಲ್ಲೇ ಎಣಿಸಿದೆ.

“ಆತ್ರಿ, ಇನ್ನ ಮಾತಾಡ್ರಿ.”

ಮಾಮಿ ತಲೆಯ ಸೆರಗು ಸರಿ ಮಾಡಿಕೊಂಡರು. “ಏನ್ ಮಾತಾಡ್ಲಿರಿ? ಒಂದು ಮಾತು ಹೇಳದಂಗ ಹೋದ್ರಲ್ಲ” ಎಂದು ಶುರು ಮಾಡಿದರು. ಸೋರುವ ನಳ, ನೀವು ಅರ್ಧ ಕುಡಿದಿಟ್ಟ ಔಷಧಿ, ಹಿತ್ತಲ ನಿಂಬೆಗಿಡ ಹೂ ಬಿಟ್ಟಿದ್ದು... ಸಂಜೆಯ ಆಜಾನ್ ಆಗುವವರೆಗೂ ನಿಮ್ಮ ಜೊತೆ ಮಾತಾಡಿದರು, ಮಾಮಾ. ನಾನು ಸುಮ್ಮನೆ ಕೂತಿದ್ದೆ.

ನಿಮ್ಮ
ಶೈಲಾ