ಅತ್ತೆಯ ಮೊಣಕೈಗೆ ಬಿದ್ದ ಬೆಳಕು

ಕ್ಲಿನಿಕ್ಕಿನ ಹಿಂದಿನ ಕೋಣೆಯಿಂದ
ಮಾರ್ಚ್ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಪ್ಲಾಟ್‌ಫಾರಂ ಗಾಳಿಗೆ ಮಫ್ಲರ್ ಸುತ್ತಿಕೋ ಎಂದರೆ ‘ಸ್ಟೇಷನ್ ಮಾಸ್ತರ್ ಮಫ್ಲರ್ ಸುತ್ತಿದ್ರೆ ರೈಲೇ ನಗುತ್ತೆ’ ಎನ್ನುತ್ತೀಯ. ನಗಲಿ ಬಿಡು, ಸುತ್ತಿಕೋ. ಅಮ್ಮನ ಕಣ್ಣು ಹೇಗಿದೆ? ನಾನು ಗುಂಡುಕಲ್ಲಿನ ಹಾಗಿದ್ದೇನೆ.

ಈಗ ಸುದ್ದಿ. ಕೂತುಕೊಂಡು ಓದು. ಮೂರು ವಾರದ ಹಿಂದೆ ಡಾಕ್ಟರ ಚೀಟಿ ಹಿಡಿದು ನನ್ನ ಫಿಸಿಯೋಥೆರಪಿ ಕೋಣೆಗೆ ಬಂದವರು ಯಾರು ಗೊತ್ತೇ? ನಿನ್ನ ಅಕ್ಕ! ಒಂಬತ್ತು ವರ್ಷದಿಂದ ನಮ್ಮ ಹೊಸ್ತಿಲು ತುಳಿಯದ ಟೈಲರ್ ಅತ್ತೆ. ಬಲಮೊಣಕೈ ಊದಿಕೊಂಡು, ಕತ್ತರಿ ಹಿಡಿಯಲಾಗದೆ, ಎರಡು ತಿಂಗಳಿಂದ ಅಂಗಡಿ ಬಾಗಿಲು ಹಾಕಿದ್ದಳಂತೆ. ಹದಿನಾಲ್ಕರ ಹುಡುಗಿಯಾಗಿ ನೋಡಿದ್ದ ನನ್ನನ್ನು ಮಾಸ್ಕಿನಲ್ಲಿ ಗುರುತಿಸಲಿಲ್ಲ. ನಾನೂ ತುಟಿ ಬಿಚ್ಚಲಿಲ್ಲ. ಹೇಳಿದರೆ ಎದ್ದು ಹೋದಾಳು, ನೋವು ಅವಳಲ್ಲೇ ಉಳಿದೀತು ಎಂಬ ಭಯ.

ಲೇಸರ್ ಎಂದ ಕೂಡಲೇ ಕೈ ಹಿಂದೆಳೆದುಕೊಂಡಳು. ‘ಸುಟ್ಟುಗಿಟ್ಟು ಹಾಕ್ತೀಯೇನಮ್ಮ?’ ಇದು ಕೊಯ್ಯುವ ಲೇಸರ್ ಅಲ್ಲ, ಮೆದು ಬೆಳಕು, ಚರ್ಮದೊಳಕ್ಕೆ ಇಳಿದು ಊತ ತಗ್ಗಿಸಲು, ನೋವು ಇಳಿಸಲು ನೆರವಾಗುತ್ತದೆ, ಎಲ್ಲರಿಗೂ ಒಂದೇ ಸಮ ಹಿಡಿಸುವುದಿಲ್ಲ, ಜೊತೆಗೆ ವ್ಯಾಯಾಮವೂ ಬೇಕು ಎಂದೆ. ‘ಬೆಳಕಿಗೇ ನೋವು ಹೋಗೋದಾದ್ರೆ ದಿನಾ ಬಿಸಿಲಲ್ಲಿ ಕೂತೇ ಹೊಲೀತಿದ್ದೆ’ ಎಂದು ಗೊಣಗುತ್ತಾ ಕೈ ಚಾಚಿದಳು. ಇಬ್ಬರೂ ಕಪ್ಪು ಕನ್ನಡಕ ಹಾಕಿಕೊಂಡೆವು. ಮೊದಲೆರಡು ಸಲ ಏನೂ ಗುಣ ಕಾಣಲಿಲ್ಲ.

ಮೂರನೆಯ ಸಲ ನನಗೆ ಸೀನು ಬಂತು. ನಿನ್ನ ಹಾಗೆಯೇ ಸಾಲಾಗಿ ಮೂರು, ಕೊನೆಯದು ಗುಡುಗು. ‘ಈ ಸೀನು ನಮ್ಮನೇದು. ಯಾರೇ ನೀನು?’ ಎಂದಳು ಅತ್ತೆ. ಯಂತ್ರ ಆರಿಸಿ, ಕನ್ನಡಕ ತೆಗೆದು, ಮಾಸ್ಕು ಇಳಿಸಿದೆ. ತನ್ನ ಕನ್ನಡಕವನ್ನೂ ತೆಗೆದು ನನ್ನ ಮುಖ ನೋಡಿದಳು. ಎದ್ದೇಬಿಡುತ್ತಾಳೆ ಎಂದುಕೊಂಡೆ. ‘ಇನ್ನೂ ನಾಲ್ಕು ನಿಮಿಷ ಬಾಕಿ ಇದೆ ತಾನೆ? ಹಿಡಿ’ ಎಂದು ಮೊಣಕೈ ಮುಂದಿಟ್ಟಳು. ಕಪ್ಪು ಕನ್ನಡಕ ಮತ್ತೆ ಹಾಕಿಕೊಂಡದ್ದು ಒಳ್ಳೆಯದೇ ಆಯಿತು ಅಪ್ಪಾ, ನನ್ನ ಕಣ್ಣು ಅವಳಿಗೆ ಕಾಣಲಿಲ್ಲ.

ಐದನೆಯ ಸಲಕ್ಕೆ ಊತ ಇಳಿದಿತ್ತು. ನಿನ್ನೆ ಎಂಟನೆಯದು. ನೀರು ತುಂಬಿದ ಜಗ್ಗನ್ನು ಬಲಗೈಯಲ್ಲೇ ಎತ್ತಿ ಲೋಟಕ್ಕೆ ಬಗ್ಗಿಸಿದಳು, ಒಂದು ಹನಿಯೂ ಚೆಲ್ಲಲಿಲ್ಲ. ಪಕ್ಕದ ಮಂಚದಲ್ಲಿದ್ದ ಸೊಂಟನೋವಿನ ತಾತ ಕೂಡ ಚಪ್ಪಾಳೆ ತಟ್ಟಿದರು! ಇದೇ ಸಮಯ ಎಂದು ಜಗಳದ ಮಾತು ಎತ್ತಿದೆ. ‘ನಿಮ್ಮಪ್ಪ ಎಲ್ಲರೆದುರಿಗೆ ನನ್ನ ಅಂಗಡೀನ ಚಿಂದಿ ಡಬ್ಬ ಅಂದ. ನಾನು ನಿನ್ನ ಮುಖ ನೋಡಲ್ಲ ಅಂದೆ. ಆಮೇಲೆ ಯಾರು ಮೊದಲು ಮಾತಾಡ್ಬೇಕು ಅನ್ನೋದ್ರಲ್ಲೇ ಕಾಲ ಹೋಯ್ತು’ ಎಂದಳು. ಹೇಳುತ್ತಾ ಹೇಳುತ್ತಾ ತಾನೇ ನಕ್ಕುಬಿಟ್ಟಳು. ಇಷ್ಟಕ್ಕೇನಾ ಅಪ್ಪಾ ಒಂಬತ್ತು ವರ್ಷ?

ಮುಂದಿನ ರೋಗಿ ಬಾಗಿಲಲ್ಲಿ ಕೆಮ್ಮುತ್ತಿದ್ದಾರೆ. ಅಮ್ಮನಿಗೆ ಒಂದು ಮುತ್ತು, ನಿನಗೆ ಎರಡು.

ನಿನ್ನ ಮಗಳು
ಗುಬ್ಬಿ

ಮರೆತಿದ್ದೆ: ಭಾನುವಾರ ಹತ್ತೂವರೆಯ ಪ್ಯಾಸೆಂಜರಿಗೆ ಅತ್ತೆ ನಿನ್ನ ಸ್ಟೇಷನ್ನಿನಲ್ಲಿ ಇಳಿಯುತ್ತಾಳೆ. ‘ಅವನಿಗೆ ಹೇಳ್ಬೇಡ, ಹೆದರಿ ರಜೆ ಹಾಕಿಬಿಟ್ಟಾನು’ ಎಂದಿದ್ದಾಳೆ. ಅವಳು ಕೆಳಗೆ ಕಾಲಿಡುವ ತನಕ ಹಸಿರು ಬಾವುಟ ಎತ್ತಬೇಡ. ಮೊದಲ ಮಾತು ತನ್ನದೇ ಎಂದು ಹಟ ಹಿಡಿದಿದ್ದಾಳೆ. ನಿನ್ನ ದಮ್ಮಯ್ಯ, ಈ ಒಂದು ಸಲ ಅಕ್ಕನೇ ಗೆಲ್ಲಲಿ.